ನೀಲಗಾರರ ಪದ: ಪುಸ್ತಕ ಬಂದ ಮೇಲೆ ಸಂಶೋಧನೆಗೆ ಉಳಿದದ್ದೇನು?

ಪ್ರಶ್ನೆ: ಸರ್, ನಮ್ಮದು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಕನ್ನಡ ಎಂ.ಎ. ಮುಗಿಸಿ ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ. ಪಿಎಚ್.ಡಿ. ಮಾಡಬೇಕು ಅಂತ ಆಸೆ. ಚಿಕ್ಕಂದಿನಿಂದ ನೀಲಗಾರರು, ಅಂದರೆ ಮಂಟೇಸ್ವಾಮಿ ಎಂಬ ಸಂತರ ಪರಂಪರೆಯಲ್ಲಿ ದೀಕ್ಷೆ ಪಡೆದ ಹಾಡುಗಾರರು, ತಂಬೂರಿ ಹಿಡಿದು ಮಂಟೇಸ್ವಾಮಿ ಪದ ಹಾಡುವುದನ್ನು ಕೇಳಿ ಬೆಳೆದವಳು. ಅದರ ಮೇಲೆ ಮಾಡೋಣ ಅಂದರೆ "ಅದೆಲ್ಲ ಆಗಿಹೋಗಿದೆ, ಕಾವ್ಯವೇ ಅಚ್ಚಾಗಿದೆ, ಹೊಸದೇನಿದೆ?" ಎನ್ನುತ್ತಾರೆ. ಇನ್ನೊಬ್ಬರು "ಇದು ಸಾಹಿತ್ಯದ ವಿಷಯವೇ ಅಲ್ಲ, ಸಮಾಜಶಾಸ್ತ್ರದವರು ಮಾಡಬೇಕಾದ್ದು" ಎಂದರು. ನಿಜವಾಗಲೂ ಇದರಲ್ಲಿ ಏನಾದರೂ ಉಳಿದಿದೆಯಾ? ಉಳಿದಿದ್ದರೆ ಕೆಲಸದಲ್ಲಿ ಇದ್ದುಕೊಂಡೇ ಎಲ್ಲಿಂದ ಶುರು ಮಾಡಲಿ?

ಉತ್ತರ: ಬೇಕಾದಷ್ಟು ಉಳಿದಿದೆ ಮೇಡಂ. ಆದರೆ "ಆಗಿಹೋಗಿದೆ" ಎಂದವರ ಮಾತಿನಲ್ಲೂ ಅರ್ಧ ನಿಜ ಇದೆ. "ಮಂಟೇಸ್ವಾಮಿ ಕಾವ್ಯ: ಒಂದು ಅಧ್ಯಯನ" ಎಂದು ಹೆಸರಿಟ್ಟು ಹೊರಟರೆ ನಿಮಗೆ ಹೊಸದೇನೂ ಸಿಗುವುದಿಲ್ಲ. ಆ ಪ್ರಬಂಧ ಹೇಗಿರುತ್ತದೆ ಎಂದು ಈಗಲೇ ಹೇಳಬಹುದು. ಮೊದಲ ಅಧ್ಯಾಯ, ಜಾನಪದ ಎಂದರೇನು. ಎರಡನೆಯದು, ಮಂಡ್ಯ ಜಿಲ್ಲೆಯ ಭೌಗೋಳಿಕ ಹಿನ್ನೆಲೆ. ಮೂರನೆಯದರಲ್ಲಿ ಕಥೆಯ ಸಾರಾಂಶ, ನಾಲ್ಕರಲ್ಲಿ "ಸಾಂಸ್ಕೃತಿಕ ಅಂಶಗಳು", ಐದರಲ್ಲಿ ಸಮಾರೋಪ. ಇಂಥವನ್ನು ಓದಿ ಓದಿ ಸುಸ್ತಾದವರಲ್ಲಿ ನಾನೂ ಒಬ್ಬ. ಅವುಗಳಲ್ಲಿ ಸುಳ್ಳು ಇರುವುದಿಲ್ಲ. ಪ್ರಶ್ನೆಯೂ ಇರುವುದಿಲ್ಲ.

"ಕಾವ್ಯ ಅಚ್ಚಾಗಿದೆ" ಎಂದರೆ ಏನಾಗಿದೆ ಎಂದು ಸ್ವಲ್ಪ ಬಿಡಿಸಿ ನೋಡೋಣ. ಹಳೇ ಮೈಸೂರಿನ ಕಡೆ ಹಾಡು, ಕಥೆ ಕೂಡಿಹಾಕಿದ ಹಿರಿಯರಿಗೆ ಇದ್ದ ಆತಂಕ ಒಂದೇ: ಹಾಡುವವರು ಹೋಗಿಬಿಟ್ಟರೆ ಹಾಡೂ ಹೋಗುತ್ತದೆ. ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯನವರು ನಿಮ್ಮ ಜಿಲ್ಲೆಯವರೇ, ನಾಗಮಂಗಲ ತಾಲ್ಲೂಕಿನ ಅಂಬಲಜೀರಹಳ್ಳಿಯವರು. ರಾಮನಗರದ ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರೂ ಅದೇ ತಾಲ್ಲೂಕಿನವರು. ಆ ತಲೆಮಾರು ಊರೂರು ಅಲೆದು ಹಾಡಿಸಿ, ಬರೆಸಿ, ಟೇಪಿಗೆ ಹಿಡಿಯಿತು. ಆಮೇಲೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದಂಥ ಕಡೆಯಿಂದ ಬೇರೆ ಬೇರೆ ಹಾಡುಗಾರರ ಪಾಠಗಳೂ ಪುಸ್ತಕವಾದವು. ಅವರು ಅಷ್ಟು ಮಾಡದೇ ಇದ್ದಿದ್ದರೆ ಇವತ್ತು ನೀವೂ ನಾನೂ ಮಾತಾಡುವುದಕ್ಕೆ ಹೋಲಿಕೆಗೆ ಒಂದು ಪಠ್ಯವೂ ಇರುತ್ತಿರಲಿಲ್ಲ.

ಆದರೆ ಅಚ್ಚಾದ ಒಂದೊಂದು ಪುಸ್ತಕವೂ ಒಬ್ಬ ಹಾಡುಗಾರರು, ಒಬ್ಬ ಸಂಗ್ರಾಹಕರು, ಕೆಲವು ಬೈಠಕ್ಕುಗಳ ಫಲ. ಸಾಮಾನ್ಯವಾಗಿ ಹಗಲು ಹೊತ್ತು, ಮನೆಯೊಳಗೆ, ಎದುರಿಗೆ ಮೈಕು. ಜಾತ್ರೆ ಇಲ್ಲ, ಒಕ್ಕಲು (ಮಠಕ್ಕೆ ನಡೆದುಕೊಳ್ಳುವ ಮನೆಯವರು) ಇಲ್ಲ, ಹರಕೆ ಹೊತ್ತವರು ಇಲ್ಲ. ಅಚ್ಚಿಗೆ ಹೋಗುವಾಗ ಸೊಲ್ಲು ಮತ್ತೆ ಮತ್ತೆ ಬರುವುದನ್ನು ಕತ್ತರಿಸುವುದು, ಮಾತನ್ನು ಸ್ವಲ್ಪ "ಸರಿ" ಮಾಡುವುದು ಬೇರೆ. ಜಾತ್ರೆಯ ಒಂದು ಫೋಟೋ ಇದ್ದ ಹಾಗೆ ಅದು. ಫೋಟೋ ನಿಜವೇ. ಅದನ್ನು ನೋಡಿದವರು ಜಾತ್ರೆ ನೋಡಿದ ಹಾಗಾಗಲಿಲ್ಲ.

ಇದು ನನ್ನೊಬ್ಬನ ಮಾತಲ್ಲ. 1930ರ ದಶಕದಲ್ಲಿ ಅಮೆರಿಕದ ಮಿಲ್‌ಮನ್ ಪ್ಯಾರಿ, ಅವರ ಶಿಷ್ಯ ಆಲ್ಬರ್ಟ್ ಲಾರ್ಡ್ ಇಬ್ಬರೂ ಯುಗೋಸ್ಲಾವಿಯಾಕ್ಕೆ ಹೋಗಿ ಅಲ್ಲಿಯ ಕಥೆ ಹಾಡುವವರನ್ನು ಧ್ವನಿಮುದ್ರಣ ಮಾಡಿದರು. ಹಾಡುಗಾರರು "ಒಂದಕ್ಷರ ಆಚೀಚೆ ಇಲ್ಲ, ಕೇಳಿದ್ದನ್ನೇ ಹಾಡುತ್ತೇನೆ" ಎನ್ನುತ್ತಿದ್ದರು. ರೆಕಾರ್ಡು ಹಾಕಿ ಹೋಲಿಸಿದರೆ ಪ್ರತಿ ಸಲವೂ ಬೇರೆ. ಹಾಡುಗಾರರು ಸುಳ್ಳು ಹೇಳುತ್ತಿರಲಿಲ್ಲ. "ಅದೇ ಹಾಡು" ಎನ್ನುವುದಕ್ಕೆ ಅವರ ಅಳತೆಯೇ ಬೇರೆ, ಓದಿದವರ ಅಳತೆಯೇ ಬೇರೆ. ನಮ್ಮ ಕರಾವಳಿಯಲ್ಲೂ 1990ರಲ್ಲಿ ಫಿನ್‌ಲೆಂಡಿನ ಲೌರಿ ಹೊಂಕೊ ಅವರು ಇಲ್ಲಿಯ ವಿದ್ವಾಂಸರ ಜೊತೆ ಸೇರಿ ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಕಾವ್ಯವನ್ನು ದಾಖಲಿಸಿದರು. ಅದು 15,683 ಸಾಲು. ಸಿರಿ ಜಾತ್ರೆಯ ಆಚರಣೆಯಲ್ಲಿ ಅಷ್ಟನ್ನೂ ಯಾರೂ ಹಾಡುವುದಿಲ್ಲ. ಬೇಕಾದ ಭಾಗ ಮಾತ್ರ ಬರುತ್ತದೆ. ಹಾಗಾದರೆ ಆ 15,683 ಸಾಲಿನ ಉದ್ದ ಯಾರಿಗಾಗಿ ಹುಟ್ಟಿತು? ಮೈಕು ಇಟ್ಟವರಿಗಾಗಿ ಎನ್ನುವುದು ಉತ್ತರದ ಒಂದು ಭಾಗ. ಹೊಂಕೊ ಅದನ್ನು ಮುಚ್ಚಿಡಲಿಲ್ಲ, ಅದನ್ನೇ ಚರ್ಚೆಯ ವಿಷಯ ಮಾಡಿದರು.

ಸರಿ, ಪ್ರಶ್ನೆ ಎಂದರೆ ಏನು? ಉತ್ತರ ನಮಗೆ ಮೊದಲೇ ಗೊತ್ತಿರಬಾರದು. ನಾವು ಎಣಿಸಿದ್ದಕ್ಕೆ ಉಲ್ಟಾ ಬರುವ ಸಾಧ್ಯತೆ ಇರಬೇಕು. ಇದಕ್ಕೆ ಮಂಡ್ಯದಲ್ಲೇ ಒಂದು ಒಳ್ಳೆ ಉದಾಹರಣೆ ಇದೆ, ಮಂಡ್ಯದವರಿಗೇ ಜಾಸ್ತಿ ಗೊತ್ತಿಲ್ಲ. 1954ರಿಂದ 1956ರವರೆಗೆ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಸಂಶೋಧಕಿ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಅಧ್ಯಯನ ಮಾಡಿದರು. ಬರಹದಲ್ಲಿ ಆ ಊರುಗಳಿಗೆ ವಂಗಲ, ದಲೇನ ಎಂದು ಬೇರೆ ಹೆಸರು ಇಟ್ಟರು. ಒಂದಕ್ಕೆ ಕನ್ನಂಬಾಡಿಯ ನಾಲೆ ನೀರು ಬಂದಿತ್ತು. ಇನ್ನೊಂದರ ಜಮೀನು ಎತ್ತರದಲ್ಲಿತ್ತು, ನೀರು ಹತ್ತಲಿಲ್ಲ. ಯಾರನ್ನು ಕೇಳಿದರೂ ನೀರು ಬಂದ ಊರೇ ಜಾಸ್ತಿ ಬದಲಾಗಿರುತ್ತದೆ ಎನ್ನುತ್ತಾರೆ, ಅಲ್ವಾ? ಅವರು ಕಂಡದ್ದು ಬೇರೆ. ನೀರು ಬಂದ ಊರಿನಲ್ಲಿ ದುಡ್ಡು ಬಂತು, ಆದರೆ ಬೇಸಾಯವೇ ಮುಂದುವರಿದದ್ದರಿಂದ ಒಡೆಯ, ಆಳು, ಕುಲಕಸುಬಿನ ಹಳೆ ಸಂಬಂಧಗಳು ಗಟ್ಟಿಯಾಗೇ ಉಳಿದವು. ನೀರು ಸಿಗದ ಊರಿನವರು ಮಂಡ್ಯದ ಕೆಲಸ, ವ್ಯಾಪಾರ, ಗಾಡಿ ಸಾಗಣೆ ಎಂದು ಹೊರಗೆ ಹೋದರು. ಹಳೆ ಸಂಬಂಧಗಳು ಬೇಗ ಸಡಿಲವಾದದ್ದು ಅಲ್ಲಿ. 1970ರಲ್ಲಿ ಮತ್ತೆ ಬಂದು ಅದೇ ಊರುಗಳನ್ನು ನೋಡಿದರು. ಈ ತೀರ್ಮಾನವನ್ನು ಯಾರು ಬೇಕಾದರೂ ಪ್ರಶ್ನಿಸಬಹುದು. ಆದರೆ ಪ್ರಶ್ನಿಸುವುದಕ್ಕೆ ಅಲ್ಲಿ ಏನೋ ಇದೆ. "ನೀರಾವರಿ ಮತ್ತು ಗ್ರಾಮ ಜೀವನ: ಒಂದು ಅಧ್ಯಯನ" ಎಂದಿದ್ದರೆ ಏನೂ ಇರುತ್ತಿರಲಿಲ್ಲ.

ಇದನ್ನು ನಿಮ್ಮ ನೀಲಗಾರರಿಗೆ ಹಚ್ಚಿ ನೋಡೋಣ. ಉದಾಹರಣೆಗೆ ಹಲಗೂರಿನ ಸಾಲು. ಸಾಲು ಎಂದರೆ ಇಲ್ಲಿ ಒಂದು ಪಂಕ್ತಿ ಅಲ್ಲ, ಕಾವ್ಯದ ಒಂದು ಕಥಾಭಾಗ.

ಓದುವ ಎಲ್ಲರಿಗೂ ಈ ಕಥೆ ಗೊತ್ತಿರುವುದಿಲ್ಲ, ಅದಕ್ಕೆ ಎರಡು ಮಾತು. ಧರೆಗೆ ದೊಡ್ಡವರು ಎನಿಸಿಕೊಂಡ ಮಂಟೇಸ್ವಾಮಿ ಕೊಳಕು ವೇಷದಲ್ಲಿ ಕಲ್ಯಾಣಕ್ಕೆ ಹೋಗಿ ಬಸವಣ್ಣನವರ ಬಾಗಿಲಲ್ಲಿ ನಿಂತು ಶರಣರನ್ನು ಪರೀಕ್ಷೆ ಮಾಡುತ್ತಾರೆ. ಆಮೇಲೆ ಈ ಕಡೆ ಬರುತ್ತಾರೆ. ರಾಚಪ್ಪಾಜಿ, ದೊಡ್ಡಮ್ಮತಾಯಿ, ಸಿದ್ದಪ್ಪಾಜಿ ಎಂಬ ಶಿಷ್ಯರು ಸೇರುತ್ತಾರೆ. ಸಿದ್ದಪ್ಪಾಜಿಯನ್ನು ಹಲಗೂರಿನ ಪಾಂಚಾಳರ (ಕಬ್ಬಿಣದ ಕೆಲಸ ಮಾಡುವ ಆಚಾರರ) ಹತ್ತಿರ ಕಬ್ಬಿಣ ಭಿಕ್ಷೆ ತರಲು ಕಳಿಸುತ್ತಾರೆ. ಅವರು ಕೊಡುವುದಿಲ್ಲ. ಕೊಡದೇ ಇರುವುದಷ್ಟೇ ಅಲ್ಲ, ಅವಮಾನ ಮಾಡಿ, ಒಂದಾದ ಮೇಲೊಂದು ಕಠಿಣ ಪರೀಕ್ಷೆ ಒಡ್ಡುತ್ತಾರೆ. ಕೊನೆಗೆ ಸಿದ್ದಪ್ಪಾಜಿ ಗೆದ್ದು ಚಿಕ್ಕಲ್ಲೂರಿನಲ್ಲಿ ನೆಲೆಸುತ್ತಾರೆ. ಮಂಟೇಸ್ವಾಮಿಯ ಗದ್ದುಗೆ ನಿಮ್ಮ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ, ರಾಚಪ್ಪಾಜಿಯದ್ದು ಕಾವೇರಿ ದಡದ ಕಪ್ಪಡಿಯಲ್ಲಿ.

ಹಲಗೂರು ಕಥೆಯೊಳಗಿನ ಊರು ಮಾತ್ರ ಅಲ್ಲ. ನಿಮ್ಮ ತಾಲ್ಲೂಕಿನ ಊರು, ಬಸ್ಸು ಹತ್ತಿ ಹೋಗುವ ಊರು. ಅಲ್ಲೂ ಅದರ ಸುತ್ತಮುತ್ತಲೂ ಆಚಾರರ ಮನೆಗಳಿವೆ. ಹಾಗಾದರೆ ಒಬ್ಬ ನೀಲಗಾರ ಹಲಗೂರಿನ ಸಾಲನ್ನು ಹಲಗೂರಿನಲ್ಲೇ ಹಾಡಿದರೆ ಹೇಗೆ ಹಾಡುತ್ತಾರೆ? ಆಚಾರರ ಮನೆ ಮುಂದೆ? ಅದೇ ಹಾಡುಗಾರರು ಚಿಕ್ಕಲ್ಲೂರು ಜಾತ್ರೆಯಲ್ಲಿ, ತಮ್ಮದೇ ಒಕ್ಕಲಿನ ಜನದ ನಡುವೆ ಹಾಡಿದರೆ? ಬೈಗುಳದ ಭಾಗ ಉಳಿಯುತ್ತದಾ, ಕರಗುತ್ತದಾ? ಪಾಂಚಾಳರ ಬಾಯಿಗೆ ಎಷ್ಟು ಮಾತು ಕೊಡುತ್ತಾರೆ? ಪಶ್ಚಾತ್ತಾಪದ ಭಾಗ ಎಲ್ಲಿ ಉದ್ದ, ಎಲ್ಲಿ ಚುಟುಕು? ಆ ಸಾಲನ್ನೇ ಬಿಟ್ಟು ಬೇರೆ ಹಾಡುತ್ತಾರಾ? ಇನ್ನೊಂದು ಕಡೆಯಿಂದ, ಇವತ್ತಿನ ಆಚಾರರ ಮನೆಗಳಲ್ಲಿ ಈ ಕಥೆಯನ್ನು ಹೇಗೆ ಹೇಳುತ್ತಾರೆ? ಅವರ ಹೇಳಿಕೆಯಲ್ಲಿ ತಪ್ಪು ಯಾರದ್ದು?

ಉತ್ತರ ಏನು ಬರುತ್ತದೆ ಎಂದು ಊಹೆ ಮಾಡಬಹುದು. ಆದರೆ ಊಹೆ ತಪ್ಪಾಗಬಹುದು. ಹಲಗೂರಿನಲ್ಲೇ ಜಾಸ್ತಿ ಖಾರವಾಗಿ ಹಾಡುತ್ತಾರೆ ಎಂದು ಗೊತ್ತಾದರೆ? ಆಗ ನಿಮ್ಮ ಪ್ರಬಂಧಕ್ಕೆ ಜೀವ ಬರುತ್ತದೆ.

"ಇದು ಸಾಹಿತ್ಯವಲ್ಲ" ಎಂದವರಿಗೂ ಇದರಲ್ಲೇ ಉತ್ತರ ಇದೆ. ಸಾಲು ಹೇಗೆ ಹಿಗ್ಗುತ್ತದೆ, ಕುಗ್ಗುತ್ತದೆ, ಯಾವ ವರ್ಣನೆ ಕಂಠಪಾಠದ ಹಾಗೆ ಉಳಿಯುತ್ತದೆ, ಯಾವುದು ಆ ಕ್ಷಣಕ್ಕೆ ಕಟ್ಟಿದ್ದು ಎನ್ನುವುದು ಸಾಹಿತ್ಯದ ಪ್ರಶ್ನೆ. ಯಾರ ಮುಂದೆ ಯಾರು ಹಾಡುತ್ತಾರೆ ಎನ್ನುವುದು ಸಮಾಜದ ಪ್ರಶ್ನೆ. ಈ ಪರಂಪರೆಯಲ್ಲಿ ಮಠದ ಗದ್ದುಗೆಯ ಮೇಲಿರುವವರು ಅರಸು ಮನೆತನದವರು. ದೀಕ್ಷೆ ಪಡೆದು ಹಾಡುವ ನೀಲಗಾರರಲ್ಲಿ ದಲಿತರು ಜಾಸ್ತಿ, ಬೇರೆ ಜಾತಿಯವರೂ ಇದ್ದಾರೆ. ಇದನ್ನು ಬದಿಗಿಟ್ಟು ಬರೀ ಅಲಂಕಾರ, ಛಂದಸ್ಸು ಎಂದು ಬರೆದರೆ ಹಾಡು ಅರ್ಧ ಮಾತ್ರ ಕೇಳಿದ ಹಾಗೆ. ಬರೀ ಜಾತಿ ಎಂದು ಬರೆದು ಹಾಡನ್ನೇ ಕೇಳಿಸಿಕೊಳ್ಳದವರೂ ಇದ್ದಾರೆ. ಅದೂ ಅಷ್ಟೇ ಬೇಜಾರು.

ಭಾಷೆಯ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ. ಎಲ್ಲರೂ ಜಾರುವುದು ಇಲ್ಲೇ. ಹಾಡನ್ನು ಬರಹಕ್ಕೆ ಇಳಿಸುವಾಗ ಕೈ ತಾನಾಗೇ ತಿದ್ದುತ್ತದೆ. ಅವರು "ಅಲ್ಗೂರು" ಎಂದರೆ ನಾವು "ಹಲಗೂರು" ಎಂದು ಬರೆಯುತ್ತೇವೆ. "ಐತೆ" "ಇದೆ" ಆಗುತ್ತದೆ, "ಇಟ್ಕಂಡು" "ಇಟ್ಟುಕೊಂಡು" ಆಗುತ್ತದೆ. ದಯವಿಟ್ಟು ತಿದ್ದಬೇಡಿ. ನಮ್ಮ ಕಡೆ ಹಕಾರ ಬಿದ್ದುಹೋಗುವುದು ನಿಮಗೆ ಗೊತ್ತೇ ಇದೆ: ಹಾಲು ಆಲಾಗುತ್ತದೆ, ಹೆಂಗೆ ಎಂಗೆ ಆಗುತ್ತದೆ. ಆದರೆ ಎದುರಿಗೆ ಮೇಡಂ ಕೂತಿದ್ದಾರೆ, ಫೋನು ರೆಕಾರ್ಡು ಮಾಡುತ್ತಿದೆ ಎಂದು ನೆನಪಾದಾಗ ಬೇಡದ ಕಡೆಯೂ ಹಕಾರ ಬಂದು ಕೂರುತ್ತದೆ. ಅಕ್ಕಿ ಹಕ್ಕಿಯಾಗುತ್ತದೆ. ನೀವು ಹಕಾರಗಳನ್ನು ಇದ್ದ ಹಾಗೇ ಬರೆದಿಟ್ಟರೆ ಹಾಡುಗಾರರು ಯಾವ ಹೊತ್ತಿನಲ್ಲಿ ನಿಮಗಾಗಿ ಹಾಡುತ್ತಿದ್ದರು, ಯಾವ ಹೊತ್ತಿನಲ್ಲಿ ನಿಮ್ಮನ್ನು ಮರೆತು ಹಾಡುತ್ತಿದ್ದರು ಎನ್ನುವುದಕ್ಕೆ ಒಂದು ಸುಳಿವು ಸಿಗುತ್ತದೆ. ಪದ ಹಾಡುವಾಗ ಒಂದು ರೀತಿ, ನಡುವೆ ಮಾತಿನಲ್ಲಿ ಕಥೆ ಹೇಳುವಾಗ ಇನ್ನೊಂದು ರೀತಿ ಇರಬಹುದು. ಯಾವ ಪಾತ್ರ ಯಾವ ಕನ್ನಡ ಮಾತಾಡುತ್ತದೆ, ಬಸವಣ್ಣನ ಬಾಯಲ್ಲಿ ಹಕಾರ ಉಳಿದು ಮಂಟೇಸ್ವಾಮಿಯ ಬಾಯಲ್ಲಿ ಬೀಳುತ್ತದಾ ಎಂದೂ ನೋಡಬಹುದು. ಹೋಲಿಕೆಗೆ ಆಧಾರ ಬೇಕಾದರೆ 1968ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ನಂಜನಗೂಡಿನ ಒಕ್ಕಲಿಗರ ಆಡುಮಾತಿನ ಮೇಲೆ ಯು.ಪಿ. ಉಪಾಧ್ಯಾಯರು ಮಾಡಿದ ವಿವರಣೆಯನ್ನು ಪ್ರಕಟಿಸಿದೆ. ಬೇರೆ ಊರು, ಬೇರೆ ಸಮುದಾಯ, ನಿಜ. ಆದರೂ ಮಾತನ್ನು ಹೇಗೆ ಗುರುತು ಹಾಕಿಕೊಳ್ಳಬೇಕು ಎಂದು ಅದರಿಂದ ಕಲಿಯಬಹುದು.

ಒಂದು ಎಚ್ಚರಿಕೆ. ಒಂದು ಗಂಟೆಯ ಹಾಡನ್ನು ಹೀಗೆ ಬರೆದಿಳಿಸಲು ಒಂದು ದಿನ ಸಾಲುವುದಿಲ್ಲ. ಆದ್ದರಿಂದ ಇಡೀ ಕಾವ್ಯಕ್ಕೆ ಕೈ ಹಾಕಬೇಡಿ. ಒಂದೇ ಸಾಲು, ಇಬ್ಬರು ಅಥವಾ ಮೂವರು ಹಾಡುಗಾರರು, ಬೇರೆ ಬೇರೆ ಜಾಗ. ಅಷ್ಟೇ ಒಂದು ಪಿಎಚ್.ಡಿ.ಗೆ ಧಾರಾಳ.

ಕಾಲನಿರ್ಣಯದ ಗೋಜಿಗೂ ಹೋಗಬೇಡಿ. ಕಥೆಯಲ್ಲಿ ಬಸವಣ್ಣ ಬರುತ್ತಾರೆ ಎಂದು ಮಂಟೇಸ್ವಾಮಿಯನ್ನು 12ನೇ ಶತಮಾನಕ್ಕೆ ಎಳೆಯುವುದು, ಆಮೇಲೆ ಅದನ್ನು ಬೇರೆಯವರು ಕೆಳಗೆ ಎಳೆಯುವುದು, ಇದರಲ್ಲೇ ಎಷ್ಟೋ ಜನರ ಮೂರನೇ ಅಧ್ಯಾಯ ಮುಗಿದಿದೆ. ಸಾಲನ್ನು ಇವತ್ತು ಹಾಡುವವರು, ಕೇಳುವವರು ಕಥೆಯಲ್ಲಿ ಕಲ್ಯಾಣ ಯಾಕೆ ಬೇಕು ಎನ್ನುತ್ತಾರೆ ಎಂದು ಕೇಳಿದರೆ ನಿಮಗೆ ಏನಾದರೂ ಸಿಗುತ್ತದೆ.

ಈಗ ಆಕರಗಳು. ಮೈಸೂರಿಗೆ ಬಂದ ಸಂಶೋಧಕರೆಲ್ಲ ಮೊದಲು ನೋಡುವುದು 1891ರಲ್ಲಿ ಶುರುವಾದ ಓರಿಯಂಟಲ್ ಲೈಬ್ರರಿಯನ್ನು, ಅಂದರೆ ಈಗಿನ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನು. ತಾಳೆಗರಿ ಬೇಕಾದವರಿಗೆ ಅದು ಸರಿ. ನಿಮ್ಮ ವಿಷಯಕ್ಕೆ ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯ, 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನದ ಲೈಬ್ರರಿ, ಬೆಂಗಳೂರು ದಾರಿಯಲ್ಲಿ ರಾಮನಗರದ ಜಾನಪದ ಲೋಕ, ಇವು ಹತ್ತಿರ. ಹೋಗುವ ಮುಂಚೆ ಫೋನು ಮಾಡಿ. ಹಳೆ ಟೇಪುಗಳ ಬಗ್ಗೆ ವಿಶೇಷವಾಗಿ ಕೇಳಿ. ಪುಸ್ತಕವಾದ ಪಾಠದ ಮೂಲ ಧ್ವನಿ ಎಲ್ಲಾದರೂ ಸಿಕ್ಕಿದರೆ, ಅಚ್ಚಿನಲ್ಲಿ ಏನು ಕತ್ತರಿಸಿದ್ದಾರೆ ಎಂದು ಹೋಲಿಸುವುದೇ ಒಂದು ಅಧ್ಯಾಯ.

ಹಳೆ ದಾಖಲೆ ಹುಡುಕುವಾಗ ಜಿಲ್ಲೆಯ ಗಡಿ ಕೈಕೊಡುತ್ತದೆ. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೆ ಮುಂಚಿನದೆಲ್ಲ ಮೈಸೂರು ಜಿಲ್ಲೆಯ ಹೆಸರಿನಲ್ಲಿದೆ. ಮಳವಳ್ಳಿಯ ಶಾಸನಗಳು ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕ ಮಾಲೆಯ 3ನೇ ಸಂಪುಟದಲ್ಲಿವೆ, 1894ರದ್ದು. ಅದರ ಹೆಸರಿನಲ್ಲಿ ಮಂಡ್ಯ ಜಿಲ್ಲೆ ಎಂದು ಹುಡುಕಿದರೆ ಸಿಗುವುದಿಲ್ಲ. ಚಿಕ್ಕಲ್ಲೂರು ಇನ್ನೂ ಮಜಾ. ಈಗ ಅದು ಚಾಮರಾಜನಗರ ಜಿಲ್ಲೆ, 1997ರಲ್ಲಿ ಆದ ಜಿಲ್ಲೆ. ಅದಕ್ಕೆ ಮುಂಚೆ ಮೈಸೂರು. 1956ಕ್ಕೆ ಮುಂಚೆ ಚಿಕ್ಕಲ್ಲೂರು ಇರುವ ಕೊಳ್ಳೇಗಾಲ ಸೀಮೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು! ಅಂದರೆ ಚಿಕ್ಕಲ್ಲೂರಿನ ಬಗ್ಗೆ ಬ್ರಿಟಿಷರ ಕಾಲದ ಕಾಗದ ಹುಡುಕುವವರು 1887ರ ಕೊಯಮತ್ತೂರು ಜಿಲ್ಲಾ ಕೈಪಿಡಿ, ಚೆನ್ನೈನ ದಾಖಲೆಗಳ ಕಡೆ ತಿರುಗಬೇಕು. ಬೊಪ್ಪೇಗೌಡನಪುರ ಮೈಸೂರು ಸಂಸ್ಥಾನದಲ್ಲಿ, ಚಿಕ್ಕಲ್ಲೂರು ಕಂಪನಿಯವರ, ಆಮೇಲೆ ಮದ್ರಾಸಿನವರ ಕೈಯಲ್ಲಿ. ಗುರುವಿನ ಗದ್ದುಗೆ ಒಂದು ಸರ್ಕಾರದಲ್ಲಿ, ಶಿಷ್ಯ ಸಿದ್ದಪ್ಪಾಜಿಯ ಗದ್ದುಗೆ ಇನ್ನೊಂದು ಸರ್ಕಾರದಲ್ಲಿ. ನೀಲಗಾರರೂ ಒಕ್ಕಲುಗಳೂ ಈ ಗಡಿ ದಾಟಿ ಓಡಾಡಿದರು. ಯಾರಾದರೂ ಇದನ್ನೇ ಹಿಡಿದು ಕೆಲಸ ಮಾಡಬಹುದು.

ಕಬ್ಬಿಣದ ವಿಷಯವಿದೆಯಲ್ಲ, ಅದಕ್ಕೆ ಕಂಪನಿಯ ಅಧಿಕಾರಿ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ವರದಿ ಓದಿ. ಟಿಪ್ಪು ಸತ್ತ ಮರುವರ್ಷ 1800ರಲ್ಲಿ ಈ ಸೀಮೆಯೆಲ್ಲ ಸುತ್ತಿದ ಆತ ಕಬ್ಬಿಣ ಕಾಸುವುದು, ಕುಲುಮೆ, ಕೂಲಿ ಎಲ್ಲವನ್ನೂ ಲೆಕ್ಕ ಸಮೇತ ಬರೆದಿದ್ದಾನೆ. ಕಬ್ಬಿಣ ಭಿಕ್ಷೆ ಕೇಳುವುದು ಎಷ್ಟು ದೊಡ್ಡ ಕೇಳಿಕೆ ಎಂದು ಅಂದಾಜು ಸಿಗುತ್ತದೆ. ಮೈಸೂರು ವಿಶ್ವವಿದ್ಯಾಲಯ 1928ರಿಂದ 1935ರ ನಡುವೆ ತಂದ ಮೈಸೂರಿನ ಬುಡಕಟ್ಟು, ಜಾತಿಗಳ ನಾಲ್ಕು ಸಂಪುಟಗಳನ್ನೂ ನೋಡಿ. ಆದರೆ ಅಲ್ಲಿ ಬರೆದದ್ದನ್ನು ವೇದವಾಕ್ಯ ಮಾಡಿಕೊಳ್ಳಬೇಡಿ. ಮಾಹಿತಿ ಕೊಟ್ಟವರು ಯಾರು, ಯಾವ ಜಾತಿಯ ಬಗ್ಗೆ ಯಾವ ಜಾತಿಯವರು ಹೇಳಿದ್ದು ಎಂದು ಪ್ರತಿ ಪುಟದಲ್ಲೂ ಕೇಳಿಕೊಳ್ಳಿ.

ಕ್ಷೇತ್ರಕಾರ್ಯಕ್ಕೆ ಬಂದರೆ, ಚಿಕ್ಕಲ್ಲೂರು ಜಾತ್ರೆ ಜನವರಿ ಸುಮಾರಿಗೆ ಹುಣ್ಣಿಮೆಯ ಹೊತ್ತಿಗೆ ಶುರುವಾಗಿ ಐದು ದಿನ ನಡೆಯುತ್ತದೆ. ಕಪ್ಪಡಿಯದು ಶಿವರಾತ್ರಿ ಹೊತ್ತಿಗೆ. ಮೊದಲ ವರ್ಷ ರೆಕಾರ್ಡು ಮಾಡುವ ಹಂಬಲ ಇಟ್ಟುಕೊಳ್ಳದೆ ಹೋಗಿ ಬನ್ನಿ. ನಿಮ್ಮ ಊರಿನ ಒಕ್ಕಲಿನ ಮನೆಯವರು ಗುಂಪಾಗಿ ಹೋಗೇ ಹೋಗುತ್ತಾರೆ, ಅವರ ಜೊತೆ ಹೋಗಿ. ರಾತ್ರಿಯಿಡೀ ಇರುವುದಕ್ಕೆ ಅದೇ ಸಲೀಸು, ಹೆಣ್ಣುಮಕ್ಕಳ ಮಾತೂ ಕಿವಿಗೆ ಬೀಳುತ್ತದೆ. ಗಂಡಸು ಸಂಶೋಧಕರ ಟಿಪ್ಪಣಿಯಲ್ಲಿ ಹಾಡುವವರು ಇರುತ್ತಾರೆ, ಕೇಳುವ ಹೆಂಗಸರು ಕಾಣೆಯಾಗಿರುತ್ತಾರೆ. ಹರಕೆ ಹೊತ್ತವರು, ಅಡುಗೆ ಮಾಡುವವರು, ದೊಡ್ಡಮ್ಮತಾಯಿ ಕಥೆಯನ್ನು ಮನೆಯಲ್ಲಿ ಮಕ್ಕಳಿಗೆ ಹೇಳುವವರು ಅವರೇ. ನಿಮಗೆ ಅಲ್ಲಿ ಇರುವ ಅನುಕೂಲ ನನ್ನಂಥವರಿಗೆ ಇಲ್ಲ.

ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯ ವಿಷಯವನ್ನು ಮಾತ್ರ ಹುಷಾರಾಗಿ ಎತ್ತಿ. ಅದು ಪ್ರಾಣಿಬಲಿ ಎಂದು ಒಂದು ಕಡೆ, ಅದು ಬಲಿಯಲ್ಲ ಎಲ್ಲ ಜಾತಿಯವರೂ ಸಾಲಾಗಿ ಕೂತು ಉಣ್ಣುವ ಸೇವೆ ಎಂದು ಇನ್ನೊಂದು ಕಡೆ, ಕೆಲವು ವರ್ಷಗಳಿಂದ ಜಗ್ಗಾಟ ನಡೆದಿದೆ. ಪೊಲೀಸು, ಅಧಿಕಾರಿಗಳು ಬಂದು ಹೋಗುತ್ತಾರೆ. ಹೊಸಬರು ಕ್ಯಾಮೆರಾ ಹಿಡಿದರೆ ಯಾರ ಕಡೆಯವರೋ ಎಂದು ಅನುಮಾನ ಬರುವುದು ಸಹಜ.

ಹಾಡುಗಾರರ ಹತ್ತಿರ ಎರಡು ವಿಷಯ ಮೊದಲೇ ಬಾಯಿಬಿಟ್ಟು ಮಾತಾಡಿ. ಒಂದು, ದುಡ್ಡು. ಒಂದು ದಿನ ನಿಮ್ಮ ಎದುರು ಕೂತರೆ ಅವರ ಒಂದು ದಿನದ ಕೂಲಿ ಹೋಗುತ್ತದೆ. ಹೂವು, ಹಣ್ಣು, ಶಾಲು ಕೊಟ್ಟು "ಕಲೆಗೆ ಬೆಲೆ ಕಟ್ಟಲಾಗದು" ಎನ್ನುವುದು ನಮ್ಮಲ್ಲಿ ಒಂದು ಚಾಳಿ. ಇನ್ನೊಂದು, ರೆಕಾರ್ಡು ಎಲ್ಲಿಗೆ ಹೋಗುತ್ತದೆ ಎನ್ನುವುದು. ಯೂಟ್ಯೂಬಿಗೆ ಹಾಕುತ್ತೀರಾ, ಇಲ್ಲವಾ? ಹೆಸರು ಬರೆಯಲಾ, ಬೇಡವಾ? ಒಪ್ಪಿಗೆಯನ್ನು ಅವರ ಮಾತಿನಲ್ಲೇ ಧ್ವನಿಯಾಗಿ ಇಟ್ಟುಕೊಳ್ಳಿ. ಹೆಬ್ಬೆಟ್ಟು ಒತ್ತಿಸಿದರೆ ಸಾಲ ಪತ್ರದ ನೆನಪಾಗುತ್ತದೆ. ಆಚಾರರ ಮನೆಗಳಿಗೂ ಹೋಗಿ. ಆದರೆ "ನಿಮ್ಮವರು ಸಿದ್ದಪ್ಪಾಜಿಗೆ ಹೀಗೆ ಮಾಡಿದರಂತೆ" ಎಂದು ಶುರು ಮಾಡಿದರೆ ಅಲ್ಲಿಗೆ ಮುಗಿಯಿತು. ಊರಿನ ಹಳೆ ಕುಲುಮೆ ಎಲ್ಲಿತ್ತು ಎಂದು ಕೇಳಿ, ಕಥೆ ತಾನಾಗೇ ಬರುತ್ತದೆ.

ರೆಕಾರ್ಡು, ಟಿಪ್ಪಣಿಯ ಪ್ರತಿಗಳನ್ನು ಬೇರೆ ಬೇರೆ ಮನೆಯಲ್ಲಿ ಇಡಿ. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಹತ್ತಿರದ ಹಳ್ಳಿಯೊಂದರಲ್ಲಿ ಇದ್ದು ಮಾಡಿಕೊಂಡ ಟಿಪ್ಪಣಿಗಳನ್ನು ವರ್ಷಾನುಗಟ್ಟಲೆ ತಿದ್ದಿ, ಜೋಡಿಸಿ ಇಟ್ಟಿದ್ದರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಕೊಠಡಿಗೆ ಕಿಡಿಗೇಡಿಗಳು ಬೆಂಕಿ ಇಟ್ಟಾಗ ಹಾಗೆ ಜೋಡಿಸಿದ ಮೂರೂ ಪ್ರತಿಗಳು ಒಂದೇ ಕಡೆ ಇದ್ದವು, ಸುಟ್ಟುಹೋದವು. ಅವರು ನೆನಪಿನಿಂದ ಪುಸ್ತಕ ಬರೆದರು, ಅದು ಜಗತ್ತಿಗೆಲ್ಲ ಗೊತ್ತಾಯಿತು. ನಮ್ಮ ನೆನಪು ಅಷ್ಟು ಗಟ್ಟಿ ಎಂದು ನಂಬಿಕೊಳ್ಳುವುದು ಬೇಡ.

ನಿಯಮಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಯುಜಿಸಿಯ 2022ರ ನಿಯಮದ ಪ್ರಕಾರ ಕೆಲಸದಲ್ಲಿರುವವರು ಅರೆಕಾಲಿಕವಾಗಿ ಪಿಎಚ್.ಡಿ. ಮಾಡಬಹುದು, ಕೆಲಸ ಕೊಟ್ಟವರ ನಿರಾಕ್ಷೇಪಣಾ ಪತ್ರ ಬೇಕು. ಕೋರ್ಸ್‌ವರ್ಕ್ ಸೇರಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮಹಿಳೆಯರಿಗೆ ಇನ್ನೂ ಎರಡು ವರ್ಷದ ರಿಯಾಯಿತಿ ಇದೆ, ಹೆರಿಗೆ ರಜೆ ಬೇರೆ. ಪ್ರಬಂಧ ಸಲ್ಲಿಸುವ ಮುಂಚೆ ಲೇಖನ ಪ್ರಕಟಿಸಲೇಬೇಕು ಎಂಬ ಕಡ್ಡಾಯವನ್ನು ಆ ನಿಯಮದಲ್ಲಿ ಕೈಬಿಟ್ಟಿದ್ದಾರೆ. ವಿಶ್ವವಿದ್ಯಾಲಯಗಳು ತಮ್ಮದೇ ಷರತ್ತು ಸೇರಿಸಬಹುದು, ಕೇಳಿಕೊಳ್ಳಿ. ನಕಲು ತಪಾಸಣೆಯಲ್ಲಿ ಶೇ. 10ರವರೆಗೆ ಹೋಲಿಕೆ ಇದ್ದರೆ ತೊಂದರೆ ಇಲ್ಲ. ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ನೀಲಗಾರ, ಮಂಟೇಸ್ವಾಮಿ, ಸಿದ್ದಪ್ಪಾಜಿ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಬೇರೆ ಬೇರೆ ಕಾಗುಣಿತದಲ್ಲೂ ಹುಡುಕಿ. ಈಗಾಗಲೇ ಆಗಿರುವ ಪ್ರಬಂಧಗಳನ್ನು ಓದಿ. ಹೆದರುವುದಕ್ಕಲ್ಲ, ಅವರು ಎಲ್ಲಿ ನಿಲ್ಲಿಸಿದರು ಎಂದು ತಿಳಿಯುವುದಕ್ಕೆ.

ಗೈಡ್ ವಿಷಯ. ದೊಡ್ಡ ಹೆಸರಿನವರನ್ನು ಹುಡುಕುವುದಕ್ಕಿಂತ ಬರೆದದ್ದನ್ನು ಓದಿ ವಾಪಸ್ ಕೊಡುವವರನ್ನು ಹುಡುಕಿ. ಅವರ ಹಳೆ ವಿದ್ಯಾರ್ಥಿಗಳನ್ನು ಕೇಳಿದರೆ ಗೊತ್ತಾಗುತ್ತದೆ. ಅವರ ಹತ್ತಿರ ಹೋಗುವಾಗ ಒಂದೇ ಪುಟ ಬರೆದುಕೊಂಡು ಹೋಗಿ. ಯಾವ ಸಾಲು, ಯಾವ ಊರುಗಳು, ಏನು ಪ್ರಶ್ನೆ, ನಿಮ್ಮ ಊಹೆ ಏನು, ಏನು ಕಂಡುಬಂದರೆ ಆ ಊಹೆ ತಪ್ಪು ಎಂದು ಒಪ್ಪುತ್ತೀರಿ. ಕೊನೆಯದನ್ನು ಬರೆಯಲು ಆಗದಿದ್ದರೆ ವಿಷಯ ಇನ್ನೂ ಹಣ್ಣಾಗಿಲ್ಲ ಎಂದು ಅರ್ಥ.

ಇದನ್ನು ಬರೆಯುವ ಮುಂಚೆ ಈ ರಜೆಯಲ್ಲೇ ಹಲಗೂರಿನ ಕಡೆ ಒಮ್ಮೆ ವಿಚಾರಿಸಿ ಬನ್ನಿ. ಅಲ್ಲಿ ಆ ಸಾಲನ್ನು ಹಾಡುವವರೇ ಈಗ ಬರುವುದಿಲ್ಲ ಎಂದು ಗೊತ್ತಾಗಬಹುದು. ಆಗ ವಿಷಯ ಕೈತಪ್ಪಿತು ಎಂದುಕೊಳ್ಳಬೇಡಿ. ಯಾವಾಗ ನಿಂತಿತು, ನಿಲ್ಲಿಸಿದವರು ಹಾಡುವವರೋ ಕೇಳುವವರೋ, ಪಕ್ಕದ ಊರುಗಳಲ್ಲಿ ಎಲ್ಲಿಯವರೆಗೆ ಬರುತ್ತಾರೆ, ಎಲ್ಲಿಂದ ವಾಪಸ್ ಹೋಗುತ್ತಾರೆ ಎಂದು ಊರೂರು ಗುರುತು ಹಾಕಿಕೊಳ್ಳಿ. ಆ ಗುರುತುಗಳನ್ನು ತಾಲ್ಲೂಕಿನ ನಕ್ಷೆಯ ಮೇಲೆ ಇಟ್ಟು ನನಗೊಂದು ಪ್ರತಿ ಕಳಿಸಿ. ಮುಂದಿನ ಮಾತು ಅದನ್ನು ನೋಡಿಕೊಂಡು ಆಡೋಣ.